ಒಂದು ಶುಭ ಓದಿ ಮುಗಿಸು

"ಇಷ್ಟು ಮಂದಿ ಒಲ್ಲೆ ಅನ್ನೂದನ್ನ ಯಾವಾಗ ಕಲತರು?"

ಅಂಬಕ್ಕ ಈ ಪ್ರಶ್ನೆಯನ್ನು ಯಾರನ್ನೂ ಕೇಳಿದ್ದಲ್ಲ. ಬತ್ತಿ ಹೊಸೆಯುತ್ತ ಕೂತವಳಿಗೆ ನಿಟ್ಟುಸಿರಿನ ಜೊತೆ ತಾನಾಗಿ ಹೊರಬಿದ್ದ ಮಾತು ಅದು. ಆದರೆ ಎದುರಿನ ಗೋಡೆಯ ಮೇಲೆ, ಪಂಚಾಂಗದ ಪಕ್ಕದಲ್ಲಿ ಅಂಟಿಕೊಂಡಿದ್ದ ಅಂಗೈಯಗಲದ ಕರಿಯ ಬಿಲ್ಲೆಗೆ, ಯಾರನ್ನೂ ಕೇಳದ ಪ್ರಶ್ನೆಯೂ ಲೋಕದಲ್ಲಿರುತ್ತದೆ ಎಂದು ಗೊತ್ತಿರಲಿಲ್ಲ. ಅದು ಓದುವುದನ್ನು ನಿಲ್ಲಿಸಿತು.

"ಕ್ಷಮಿಸಿ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಓದು ಮುಂದುವರಿಸಲೇ?"

"ಓದವಾ, ಓದು. ನಿಂದೇನು ತಪ್ಪು," ಅಂದಳು ಅಂಬಕ್ಕ.

ಬಿಲ್ಲೆ ಓದಿತು. ಕೊಲ್ಲಾಪುರದ ಸಕ್ಕರೆ ಗೋದಾಮಿನವರು ಅವಳ ತಮ್ಮ ಶ್ರೀಪಾದನ ವಯಸ್ಸು ಮೀರಿದೆ ಎಂದಿದ್ದರು. ಕಾರವಾರದ ಮೀನಿನ ಶೀತಗೃಹದವರು ಅವನ ಅನುಭವ ತಮ್ಮ ಕೆಲಸಕ್ಕೆ ಹೊಂದುವುದಿಲ್ಲ ಎಂದಿದ್ದರು. ಸೊಲ್ಲಾಪುರದ ಚಾದರ ಗಿರಣಿಯವರು ಧನ್ಯವಾದ ಹೇಳಿ ಸುಮ್ಮನಾಗಿದ್ದರು. ಹೀಗೆ ಒಂದರ ಹಿಂದೊಂದು, ಮುಂಗಾರಿನ ಹನಿ ತಗಡಿನ ಮೇಲೆ ಬಿದ್ದ ಹಾಗೆ, ಬೇಡ ಬೇಡ ಎಂಬ ಮಾತು ಆ ಚಿಕ್ಕ ಪಡಸಾಲೆಯಲ್ಲಿ ಉದುರುತ್ತಲೇ ಇತ್ತು.

ಆ ಬಿಲ್ಲೆಯ ಹೆಸರು ಅರ್ಜಿದೂತ. ಒಂದು ಕಾಲವಿತ್ತು, ಕೆಲಸ ಬೇಕಾದವರು ಒಂದೇ ಮಿಂಚಂಚೆ ಬರೆದು, ಮೇಲಿನ ಹೆಸರನ್ನಷ್ಟೇ ಬದಲಿಸಿ ಹತ್ತಾರು ಕಡೆ ಕಳಿಸುತ್ತಿದ್ದರು. ಹೆಸರು ಬದಲಿಸಲು ಮರೆತು, ಒಬ್ಬ ಧಣಿಗೆ ಇನ್ನೊಬ್ಬ ಧಣಿಯ ಹೊಗಳಿಕೆ ಕಳಿಸಿ ನಗೆಪಾಟಲಾದವರೂ ಇದ್ದರು. ಅರ್ಜಿದೂತನಿಗೆ ಅಂಥ ಮರೆವಿಲ್ಲ. ಯಾವ ಊರಿನಲ್ಲಿ ಯಾರಿಗೆ ಆಳು ಬೇಕು, ಅವರ ಸ್ವಭಾವವೇನು, ಅವರಿಗೆ ಯಾವ ಗುಣ ಮೆಚ್ಚು ಎಂಬುದನ್ನೆಲ್ಲ ತಿಳಿದುಕೊಂಡು, ಒಬ್ಬೊಬ್ಬರಿಗೂ ಬೇರೆ ಬೇರೆ ಅರ್ಜಿ ಬರೆದು, ಒಂದು ದಿನದಲ್ಲಿ ದೇಶದ ಅಷ್ಟೂ ಧಣಿಗಳಿಗೆ ಕಳಿಸಬಲ್ಲದು. ಸುಳ್ಳು ಬರೆಯುವಂತಿಲ್ಲ, ಇದ್ದದ್ದರಲ್ಲಿ ಬೇಕಾದ್ದನ್ನು ಮುಂದೆ ಮಾಡಿ, ಬೇಡವಾದ್ದನ್ನು ಹಿಂದೆ ಸರಿಸಬಹುದು, ಅಷ್ಟೆ. ಅರ್ಜಿಗಳ ಈ ಮಹಾಪೂರವನ್ನು ಮನುಷ್ಯರು ಓದಿ ಮುಗಿಸುವುದು ಸಾಧ್ಯವಿಲ್ಲದ ಮಾತು. ಹಾಗಾಗಿ ಧಣಿಗಳೂ ಆಯ್ಕೆಯಂತ್ರಗಳನ್ನು ಇಟ್ಟುಕೊಂಡರು. ಅರ್ಜಿ ಬಂದ ದಿನವೇ ಉತ್ತರ ಕೊಡಬೇಕೆಂದು ಕಾಯಿದೆಯೂ ಆಯಿತು. ಮೊದಲು ಬಡವನ ಅರ್ಜಿಗೆ ಉತ್ತರವೇ ಬರುತ್ತಿರಲಿಲ್ಲ. ಮೌನದಲ್ಲಿ ಒಂದಿಷ್ಟು ಆಸೆಗೆ ಜಾಗವಿತ್ತು. ಈಗ ಎಲ್ಲರಿಗೂ ಉತ್ತರ ಬರುತ್ತಿತ್ತು.

ಅರ್ಜಿದೂತನನ್ನು ಕಂಡುಹಿಡಿದ ವಿಜ್ಞಾನಿ ಡಾಕ್ಟರ್ ಇಂದುಮತಿ ಅಂಗಡಿ ಅಂದು ಅಲ್ಲೇ ಕುರ್ಚಿಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದರು. ಧಾರವಾಡದ ತಮ್ಮ ಪ್ರಯೋಗಾಲಯದಿಂದ, ಪರೀಕ್ಷೆಗೆಂದು ಗದಗಿನ ಕೆಲವು ಮನೆಗಳಿಗೆ ಈ ಬಿಲ್ಲೆಯನ್ನು ಕೊಟ್ಟವರು ಅವರೇ. ತಿಂಗಳಿಗೊಮ್ಮೆ ಬಂದು ವಿಚಾರಿಸಿ ಹೋಗುತ್ತಿದ್ದರು.

"ಅಂಬಕ್ಕಾರ, ಇದನ್ನೆಲ್ಲಾ ಕೂತು ಕೇಳಲೇಬೇಕಂತ ಇಲ್ಲರೀ. ಬ್ಯಾಡಾದ್ದನ್ನ ಬಿಟ್ಟು ಬೇಕಾದ್ದಷ್ಟೇ ಹೇಳು ಅಂದರ ಅದು ಕೇಳತದ."

"ಅದು ಹೆಂಗ್ರೀ ಬಾಯಾರ? ಯಾರೋ ನಮ್ಮ ಪಾದೂನ ಹೆಸರು ಹಿಡದು ಮಾತಾಡ್ಯಾರ ಅಂದಮ್ಯಾಲೆ ಕೇಳೂದು ಬ್ಯಾಡೇನು? ಓದೋರಿದ್ದು ಕೇಳೋರಿಲ್ಲ ಅಂದರ ಹೆಂಗ?"

ಕೇಳುವುದು ಅಂಬಕ್ಕನಿಗೆ ಹುಟ್ಟಿನಿಂದ ಬಂದದ್ದು. ಅವಳ ತಂದೆ ಸಂಜೆಯ ಹೊತ್ತು ಗುಡಿಯ ಪೌಳಿಯಲ್ಲಿ ಭಾರತ ಓದುತ್ತಿದ್ದರು. ಷಟ್ಪದಿಯನ್ನು ರಾಗವಾಗಿ ಎತ್ತಿ, ಬಿಡಿಸಿ, ಮತ್ತೆ ಜೋಡಿಸಿ ಹೇಳುವಾಗ ಹುಡುಗಿ ಅಂಬಕ್ಕ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಅಕ್ಷರಕ್ಕಿಂತ ಮೊದಲು ಅವಳಿಗೆ ಹತ್ತಿದ್ದು ಆ ನಡೆ. ತಂದೆ ಒಂದು ಪದ್ಧತಿಯನ್ನು ಎಂದೂ ಮುರಿಯಲಿಲ್ಲ. ಎಳೆಯ ವೀರನೊಬ್ಬ ಯುದ್ಧದಲ್ಲಿ ಮಡಿಯುವ ಸಂಧಿ ಬಂದು ಪೌಳಿಗೆ ಪೌಳಿಯೇ ಅಳುತ್ತಿರುವಾಗ ಅವರು ಪುಸ್ತಕ ಮುಚ್ಚುತ್ತಿರಲಿಲ್ಲ. ಹಾಳೆ ಮಗುಚಿ, ಮುಂದೆಲ್ಲೋ ಇದ್ದ ಒಂದು ಮದುವೆಯ ಪದ್ಯವನ್ನೋ ಪಟ್ಟಾಭಿಷೇಕದ ಪದ್ಯವನ್ನೋ ಓದಿ, ಆಮೇಲೆಯೇ ಪುಸ್ತಕಕ್ಕೆ ವಸ್ತ್ರ ಸುತ್ತುತ್ತಿದ್ದರು. ಕೇಳಿದವರು ಅಶುಭವನ್ನು ಕಿವಿಯಲ್ಲಿಟ್ಟುಕೊಂಡು ಮನೆಗೆ ಹೋಗಬಾರದು ಎಂಬುದು ಅದರ ಅರ್ಥ.

ಆದ್ದರಿಂದಲೇ, ಅಂದಿನ ಉತ್ತರಗಳು ಮುಗಿದು ಬಿಲ್ಲೆ ಸುಮ್ಮನಾದಾಗ ಅಂಬಕ್ಕನಿಗೆ ತಡೆಯಲಾಗಲಿಲ್ಲ.

"ಹಿಂಗ ಅಶುಭದ ಮ್ಯಾಲೆ ನಿಲ್ಲಸಬಾರದವಾ. ಒಂದು ಶುಭ ಓದಿ ಮುಗಸು."

ಬಿಲ್ಲೆಯ ಅಂಚಿನಲ್ಲಿ ಹಸಿರು ಮಿಣುಕಿತು. "ಮನೆಯ ಸೂಚನೆಯನ್ನು ಗ್ರಹಿಸಿದ್ದೇನೆ."

ಇಂದುಮತಿ ನಕ್ಕರು. "ನೋಡ್ರಿ, ಕಲೀತು. ಇದಕ್ಕ ನಾವು ಗೃಹಶ್ರವಣ ಅಂತೇವಿ. ಸಂಭಾವಿತ ಮನಶ್ಯಾ ತನ್ನ ಗುಣ ತಾನ ಹೇಳಿಕೊಳ್ಳೂದಿಲ್ಲ, ನಾಚತಾನ. ಅದಕ್ಕ ಮನಿಯವರ ಮಾತನ್ನೂ ಇದು ಕೇಳಲಿ, ಅವರು ಹೇಳಿದಂಗೂ ನಡೀಲಿ ಅಂತ ಮಾಡೇನಿ. ಅಕ್ಕನಕಿಂತ ಹೆಚ್ಚು ತಮ್ಮನ್ನ ಬಲ್ಲೋರು ಯಾರು?"

"ಬಲ್ಲೆ ಅಂತ ತಿಳಕೊಂಡೇನಿ," ಅಂದಳು ಅಂಬಕ್ಕ.

ತಾಯಿ ತೀರಿಕೊಂಡಾಗ ಶ್ರೀಪಾದ ಇನ್ನೂ ತೊಟ್ಟಿಲಲ್ಲಿದ್ದ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಬಂದ ಅಂಬಕ್ಕನೇ ಅವನನ್ನು ಸಾಕಿದಳು. ಬೆಳೆದು ಅವನು ಬಸ್‌ನಿಲ್ದಾಣದ ಕಂಟ್ರೋಲರನಾದ. ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು ರೋಣ, ನರೇಗಲ್ಲ, ಮುಂಡರಗಿ ಎಂದು ಅವನು ಕೂಗಿದರೆ, ಹಳ್ಳಿಯಿಂದ ಬಂದ ಮುದುಕಿಯರಿಗೆ ಮಗನೇ ಕೈಹಿಡಿದು ಬಸ್ಸು ಹತ್ತಿಸಿದಷ್ಟು ಧೈರ್ಯ. ಆಮೇಲೆ ಬಸ್ಸುಗಳು ತಮ್ಮ ವೇಳೆಯನ್ನು ತಾವೇ ನೋಡಿಕೊಳ್ಳಲು ಕಲಿತವು. ಗಾಜಿನ ಕೋಣೆಗೆ ಬೀಗ ಬಿತ್ತು.

ಊಟಕ್ಕೆ ತೊಂದರೆಯಿರಲಿಲ್ಲ, ಶಾಲೆಯಲ್ಲಿ ಹೊಲಿಗೆ ಕಲಿಸಿದ ಅಂಬಕ್ಕನ ಪಿಂಚಣಿ ಇಬ್ಬರಿಗೆ ಸಾಲುತ್ತಿತ್ತು. ಅವಳನ್ನು ತಿನ್ನುತ್ತಿದ್ದ ಚಿಂತೆ ಬೇರೆ. ಶ್ರೀಪಾದ ಮಾತು ಬಿಡುತ್ತಿದ್ದ. ಮೊದಲು ನಿಲ್ದಾಣದ ಕಡೆ ಹೋಗುವುದನ್ನು ಬಿಟ್ಟ, ಆಮೇಲೆ ಓಣಿಗೆ ಇಳಿಯುವುದನ್ನು ಬಿಟ್ಟ, ಈಗ ಗಡ್ಡ ಹೆರೆಯುವುದನ್ನೂ ಬಿಟ್ಟಿದ್ದ. ಅನ್ನ ಬೇಕೋ ಎಂದರೆ ತಟ್ಟೆ ಮುಂದೆ ಸರಿಸುತ್ತಿದ್ದ. ಸಾಕೋ ಎಂದರೆ ಹಿಂದೆ ಸರಿಸುತ್ತಿದ್ದ. ಹಿತ್ತಲ ಬಾಗಿಲಲ್ಲಿ ಕೂತು ಆಕಾಶ ನೋಡುವ ತಮ್ಮನ ಬೆನ್ನನ್ನು ನೋಡಿದಾಗೆಲ್ಲ, ಒಂದು ದಿನ ಇವನು ಉಸಿರಾಡುವುದನ್ನೂ ಹೀಗೇ ಸದ್ದಿಲ್ಲದೆ ಬಿಟ್ಟುಬಿಡುತ್ತಾನೆ ಎಂದು ಅವಳು ಹೆದರುತ್ತಿದ್ದಳು.

ಮರುದಿನ ಸಂಜೆ ಬಿಲ್ಲೆ ಎಲ್ಲ ಓದಿ, ಕೊನೆಗೆ ಒಂದು ಮೆದುವಾದ ನಿರಾಕರಣೆಯನ್ನು ಓದಿ ಮುಗಿಸಿತು. ತಾವು ಬಹಳ ಯೋಗ್ಯರು, ತಮ್ಮಂಥವರನ್ನು ಬಿಟ್ಟುಕೊಡಲು ನಮಗೆ ದುಃಖವಾಗುತ್ತದೆ ಎಂದು ಯಾವುದೋ ವಿಮಾ ಕಚೇರಿ ಬರೆದಿತ್ತು.

"ಹೊಗಳಿ ಬಾಗಲಾ ಹಾಕಿದರ ಅದು ಶುಭ ಆತೇನು? ಬಾ ಅಂದರ ಶುಭ," ಅಂದಳು ಅಂಬಕ್ಕ.

ಹಸಿರು ಮಿಣುಕಿತು.

ಅದರ ಮಾರನೆಯ ಸಂಜೆ ಅವಳು ಕಿವಿಯಾರೆ ಕೇಳಿದಳು. ಬೇಡಗಳೆಲ್ಲ ಮುಗಿದ ಮೇಲೆ, ಬಿಲ್ಲೆ ಸ್ವಲ್ಪ ತಡೆದು ಓದಿತು: ಕಛ್ ಪ್ರದೇಶದ ಉಪ್ಪಿನ ಕಣವೊಂದರಲ್ಲಿ ಮೇಲ್ವಿಚಾರಕನ ಕೆಲಸಕ್ಕೆ ಶ್ರೀಯುತ ಶ್ರೀಪಾದ ಅವರನ್ನು ಸಂತೋಷದಿಂದ ಸ್ವಾಗತಿಸುತ್ತೇವೆ.

"ಪಾದೂ! ಏ ಪಾದೂ! ಕರದಾರೋ!"

ಹಿತ್ತಲಿನಿಂದ ಶ್ರೀಪಾದ ಬಂದು ನಿಂತ. ಬಿಲ್ಲೆ ಇನ್ನೊಮ್ಮೆ ಓದಿತು. ಅವನು ತನ್ನ ಹೆಸರನ್ನು ಕೇಳಿದ. ಎಷ್ಟೋ ದಿನಗಳ ಮೇಲೆ ಅವನ ತುಟಿ ಒಂದು ಪಕ್ಕಕ್ಕೆ ಜರುಗಿತು.

"ಉಪ್ಪಿನ ಕಣ! ನಿನ್ನ ಸಾರಿಗೆ ಉಪ್ಪು ಕಡಿಮಿ ಬೀಳತದಲ್ಲ ಅಕ್ಕಾ, ಅಲ್ಲಿಂದನ ಕಳಸ್ತೇನಿ ಬಿಡು."

ಅಂಬಕ್ಕ ಒಳಗೆ ಹೋಗಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಅವನ ಕೈಯಲ್ಲಿ ಬೆಲ್ಲ ಇಟ್ಟಳು. ಕಛ್‌ಗೆ ಹೋಗುವ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅಕ್ಕನ ಮೊಣಕಾಲು ಹಿಡಿದುಕೊಂಡಿದ್ದವು. ಬಾವಿಯ ಕಟ್ಟೆಯವರೆಗೂ ನಡೆಯಲಾಗದವಳನ್ನು ಬಿಟ್ಟು ಅವನು ಹೋಗಲಾರ ಎಂಬುದು ಇಬ್ಬರಿಗೂ ಗೊತ್ತಿತ್ತು. ಬೆಲ್ಲ ತಿಂದದ್ದು ಕೆಲಸಕ್ಕಲ್ಲ, ಬಾ ಎಂಬ ಆ ಒಂದು ಮಾತಿಗೆ.

ಮುಂದೆ ದಿನವೂ ಹಾಗೆಯೇ ಆಯಿತು. ಒಂದು ಸಂಜೆ ಅಂಡಮಾನಿನ ದೀಪಸ್ತಂಭ, ಇನ್ನೊಂದು ಸಂಜೆ ಹಿಮಾಲಯದ ಹಿಮ ಬಗೆಯುವ ದಳ, ಮತ್ತೊಂದು ಸಂಜೆ ಸಮುದ್ರದ ನಡುವೆ ತೈಲ ತೆಗೆಯುವ ಅಟ್ಟಣಿಗೆ. ಅರ್ಜಿದೂತನ ಬಲೆ ಅಗಲವಾಗುತ್ತ ಹೋಯಿತು. ಹತ್ತಿರದಲ್ಲಿ ಒಪ್ಪುವವರಿಲ್ಲದಿದ್ದರೆ ದೂರಕ್ಕೆ, ಒಳ್ಳೆಯ ಕೆಲಸ ಸಿಗದಿದ್ದರೆ ಯಾರೂ ಒಲ್ಲದ ಕೆಲಸಕ್ಕೆ. ಸಂಜೆಯ ಓದು ಮುಗಿಯುವುದರೊಳಗೆ ಎಲ್ಲಿಂದಾದರೂ ಒಂದು "ಬನ್ನಿ" ಬರಲೇಬೇಕು.

ಶ್ರೀಪಾದ ಈಗ ಓದಿನ ಹೊತ್ತಿಗೆ ಸರಿಯಾಗಿ ಪಡಸಾಲೆಗೆ ಬಂದು ಗೋಡೆಗೊರಗಿ ಕೂಡತೊಡಗಿದ. ಗಡ್ಡ ಹೋಯಿತು. ಓಣಿಗೆ ಇಳಿದ. ಎದುರು ಮನೆಯ ಮೆಹಬೂಬಸಾಬ, ಅವನ ಜೊತೆ ಬಸ್ಸು ಓಡಿಸಿ ನಿವೃತ್ತನಾದವನು, ಕಟ್ಟೆಯ ಮೇಲಿಂದಲೇ ಕೂಗುತ್ತಿದ್ದ.

"ಏನ್ರೀ ಕಂಟ್ರೋಲರ್ ಸಾಹೇಬ್ರ, ನಿನ್ನಿ ಯಾವ ಊರಿನ ರಾಜಾ ಪತ್ರಾ ಬರದಿದ್ದ?"

"ನಿನ್ನೆ ಹಿಮದ ದೇಶ, ಸಾಬಣ್ಣ. ಬಂದರ ಉಣ್ಣೀ ಕೋಟು ಕೊಡತಾರಂತ."

"ಹೋಗಬ್ಯಾಡ್ರೀ ಮತ್ತ. ನೀವು ಮೂಗು ಸೋರಿಸಿಕೋಂತ ನಿಂತರ ಹಿಮಾ ಎಲ್ಲಾ ಕರಗಿ ಗಂಗಾನದಿಗೆ ಮಹಾಪೂರ ಬರತೈತಿ!"

ಆ ನಗು ಕಿಟಕಿಯಿಂದ ಒಳಗೆ ಬಂದಾಗ ಅಂಬಕ್ಕ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳುತ್ತಿದ್ದಳು. ಅವಳ ಪಾಲಿಗೆ ಅದೇ ಪಟ್ಟಾಭಿಷೇಕದ ಪದ್ಯ.

ಹೀಗಿರುವಾಗ ಊರಿನ ಹೊಸ ಆಸ್ಪತ್ರೆಯಲ್ಲಿ ಒಂದು ಕೆಲಸ ಖಾಲಿಯಾಯಿತು. ಅಲ್ಲಿ ಚೀಟಿ ಕೊಡುವುದು, ದಾರಿ ತೋರಿಸುವುದು ಎಲ್ಲ ಯಂತ್ರವೇ. ಆದರೆ ಹಳ್ಳಿಯಿಂದ ಬಂದವರು ಯಂತ್ರದ ಮುಂದೆ ಬೆಪ್ಪಾಗಿ ನಿಂತು, ಅತ್ತು, ಹಾಗೇ ಹೊರಟುಹೋಗುತ್ತಿದ್ದರಂತೆ. ಬಾಗಿಲಲ್ಲಿ ಮನುಷ್ಯನ ದನಿಯೊಂದು ಬೇಕು ಎಂದು ಆಸ್ಪತ್ರೆಯವರು ತೀರ್ಮಾನಿಸಿದ್ದರು.

ಸುದ್ದಿ ತಂದವನು ಮೆಹಬೂಬಸಾಬ. "ಅಕ್ಕಾರ, ಈ ಕೆಲಸಕ್ಕ ನಮ್ಮ ಸಾಹೇಬ್ರನ್ನ ಬಿಟ್ಟರ ಈ ಜಿಲ್ಲಾದಾಗ ಇನ್ನೊಬ್ಬ ಅದಾನೇನ್ರೀ? ರೋಣದ ಬಸ್ ಹೋತು ಅಂತ ಇವರು ಹೇಳಿದರ, ಬಸ್ ತಪ್ಪಿಸಿಕೊಂಡವನೂ ಸಮಾಧಾನ ಆಗತಿದ್ದ!"

ಅರ್ಜಿ ಹೋಯಿತು. ಆ ದಿನವಿಡೀ ಶ್ರೀಪಾದನಿಗೆ ಕಾಲು ನೆಲಕ್ಕೆ ಹತ್ತಲಿಲ್ಲ. ಅಡಿಗೆಮನೆಯಲ್ಲಿ ಲೋಟವನ್ನು ಬಾಯಿಯ ಮುಂದೆ ಹಿಡಿದು, "ಎಲುಬಿನ ವಿಭಾಗಕ್ಕೆ ಹೋಗುವವರು ಎಡಗಡೆಗೆ ಬರಬೇಕು, ಗಡಿಬಿಡಿ ಬ್ಯಾಡ, ಡಾಕ್ಟರು ಇದ್ದಾರ," ಎಂದು ಕೂಗಿ ನೋಡಿದ.

"ನಾ ಮೊದಲ ಚೀಟಿ ತಗೀತೇನಪಾ, ನನ್ನ ಮೊಣಕಾಲಿಗೆ," ಅಂದಳು ಅಂಬಕ್ಕ.

"ಅಕ್ಕ ಅಂತ ಸಾಲು ಮುರದು ಒಳಗ ಬಿಡೂದಿಲ್ಲ ಮತ್ತ!"

ಸಂಜೆ ಮೆಹಬೂಬಸಾಬನೂ ಸೇರಿ ಮೂವರೂ ಪಡಸಾಲೆಯಲ್ಲಿ ಕೂತರು. ಬಿಲ್ಲೆ ಆಸ್ಪತ್ರೆಯ ಉತ್ತರವನ್ನೇ ಮೊದಲು ಓದಿತು.

"ಶ್ರೀಯುತ ಶ್ರೀಪಾದ ಅವರು ಈ ಕೆಲಸಕ್ಕೆ ಎಲ್ಲ ರೀತಿಯಲ್ಲೂ ತಕ್ಕವರು. ಆದರೆ ಅವರ ವಚನಾಂಕವು ಅತಿ ಕೆಳಗಿರುವುದರಿಂದ ಆಯ್ಕೆ ಮಾಡಲಾಗುತ್ತಿಲ್ಲ. ಮುಂದೆಯೂ ಪರಿಶೀಲಿಸಲಾಗುವುದಿಲ್ಲ."

ಯಾರಿಗೂ ಏನೂ ತಿಳಿಯಲಿಲ್ಲ. ತಿಳಿಯುವ ಮೊದಲೇ, ಕಲಿತ ಪಾಠವನ್ನು ಮರೆಯದ ಬಿಲ್ಲೆ ಅದೇ ದನಿಯಲ್ಲಿ ಮುಂದುವರಿಯಿತು: ಪೂರ್ವದ ಕಾಡಿನ ಅಂಚಿನಲ್ಲಿ ಆನೆ ಓಡಿಸುವ ಕೆಲಸಕ್ಕೆ ತಮ್ಮನ್ನು ಸಂತೋಷದಿಂದ—

"ಬಾಯಿ ಮುಚ್ಚು!" ಎಂದಳು ಅಂಬಕ್ಕ. ಹುಟ್ಟಿದ ಮೇಲೆ ಓದುವವರನ್ನು ಅವಳು ನಡುವೆ ತಡೆದದ್ದು ಅದೇ ಮೊದಲು.

ಇಂದುಮತಿ ಮರುದಿನವೇ ಬಂದು ಬಿಲ್ಲೆಯನ್ನು ಬಿಚ್ಚಿ ನೋಡಿ, ಧಾರವಾಡಕ್ಕೆ ಹೋಗಿ, ವಾರದ ಮೇಲೆ ತಿರುಗಿ ಬಂದರು. ಅಷ್ಟರಲ್ಲಿ ಶ್ರೀಪಾದ ಮತ್ತೆ ಹಿತ್ತಲ ಬಾಗಿಲು ಸೇರಿದ್ದ. ಮೆಹಬೂಬಸಾಬ ಕಟ್ಟೆಯಿಂದ ಕರೆದು ಕರೆದು ಸುಮ್ಮನಾಗಿದ್ದ. ಮಧ್ಯಾಹ್ನದ ಬಿಸಿಲು ಪಡಸಾಲೆಯಲ್ಲಿ ಬಿದ್ದಿತ್ತು. ಇಂದುಮತಿ ಈ ಸಲ ಕುರ್ಚಿಯ ಮೇಲೆ ಕೂಡಲಿಲ್ಲ. ಅಂಬಕ್ಕನ ಎದುರು ಚಾಪೆಯ ಮೇಲೆ ಕೂತರು.

"ವಚನಾಂಕ ಅಂದರೇನ್ರೀ?"

"ಮಾತು ಉಳಿಸಿಕೊಂಡ ಲೆಕ್ಕ, ಅಂಬಕ್ಕಾರ. ಮಂದಿ ಎಲ್ಲಾ ಕಡೆ ಅರ್ಜಿ ಹಾಕಿ, ಬಾ ಅಂದಾಗ ಹೋಗದಽ ಕೈ ಕೊಡಲಿಕ್ಕೆ ಹತ್ತಿದರು. ಅದಕ್ಕ ಆಯ್ಕೆಯಂತ್ರಗಳು ತಮ್ಮತಮ್ಮೊಳಗ ಒಂದು ಗುರುತು ಇಟ್ಟುಕೊಂಡಾವ. ಬಾ ಅಂತ ಕರದ ಮ್ಯಾಲೂ ಹೋಗಲಿಲ್ಲ ಅಂದರ ಒಂದು ಅಂಕಿ ಇಳೀತದ. ಎಲ್ಲರಿಗೂ ಎರಡು ಸಲ, ಮೂರು ಸಲ ಇಳದಿರತದ. ನಮ್ಮ ಶ್ರೀಪಾದ ಅವರಿಗೆ..." ಅವರು ನೆಲ ನೋಡಿದರು. "ದಿನಾ ಸಂಜಿಗೊಮ್ಮೆ ಇಳದದ."

ಅಂಬಕ್ಕ ಬೆರಳು ಮಡಚಿ ಸಂಜೆಗಳನ್ನು ಎಣಿಸತೊಡಗಿದಳು.

"ಅಂದರ ನಾ ಕೇಳಿದ ಒಂದೊಂದು ಶುಭಕ್ಕೂ..."

"ನಿಮ್ಮ ತಪ್ಪಲ್ಲ. ಮನಿಯವರ ಮಾತಿನಂಗ ನಡೀಲಿ ಅಂತ ಮಾಡಿದಾಕಿ ನಾನು. ಅಂದು ನೀವು ಹೇಳಿದಾಗ ನಕ್ಕು ಕೂತಾಕಿನೂ ನಾನಽ. ತಪ್ಪು ನಂದು ಅಂತ ಉದ್ಯೋಗ ನ್ಯಾಯಮಂಡಳಿಗೆ ಬರದುಕೊಟ್ಟೆ. ಯಂತ್ರ ಹೇಳಿದ್ದನ್ನ ಹೇಳಿದಂಗ ಮಾಡೇದ, ಅದರಾಗ ದೋಷ ಇಲ್ಲ ಅಂತ ತೀರ್ಪು ಬಂತು. ಕಳದ ಅಂಕಿ ತಿರುಗಿ ಬರಲಿಕ್ಕೆ ಒಂದಽ ದಾರಿ ಬಿಟ್ಟಾರ. ಅದನ್ನ ಹೇಳಲಿಕ್ಕೆ ನನಗ ನಾಲಿಗಿ ಏಳವಲ್ತು."

"ಹೇಳ್ರಿ ಬಾಯಾರ. ನಾ ಕೇಳತೇನಿ."

"ತನಗ ಗೊತ್ತಿಲ್ಲದಂಗ, ತನ್ನ ಒಪ್ಪಿಗಿ ಇಲ್ಲದಽ, ಅಕ್ಕ ಇದನ್ನ ಮಾಡಿಸಿದಳು ಅಂತ ಶ್ರೀಪಾದ ಅವರು ತಮ್ಮ ದನಿಯೊಳಗ ಆಕ್ಷೇಪ ಹೇಳಬೇಕು. ಇವತ್ತು ಸಂಜಿಯೊಳಗ. ಅವರ ಅಂಕಿ ಎಲ್ಲಾ ತಿರುಗಿ ಬರತಾವ. ಆಸ್ಪತ್ರೆಯವರು ಆ ಕೆಲಸಾ ಇನ್ನೂ ಯಾರಿಗೂ ಕೊಟ್ಟಿಲ್ಲ."

"ಮತ್ತ ನನಗ?"

"ನಿಮ್ಮ ದನಿಗೆ ನಿಷೇಧ ಬೀಳತದ. ಇನ್ನೊಬ್ಬರ ಹೆಸರಿಲೆ ಯಂತ್ರಕ್ಕ ಆಜ್ಞೆ ಕೊಟ್ಟೋರಿಗೆ ಇರೂ ಶಿಕ್ಷೆ ಅದು. ಪಿಂಚಣಿ ಕಚೇರಿ, ಔಷಧದ ಅಂಗಡಿ, ದವಾಖಾನಿ ಬಾಗಲಾ, ಎಲ್ಲಾ ಈಗ ದನಿ ಕೇಳೇ ತಗೀತಾವಲ್ಲ. ನೀವು ಎಷ್ಟು ಕೂಗಿದರೂ ಯಾವುದೂ ಓಗೊಡೂದಿಲ್ಲ. ನೀವು ಅಲ್ಲೆ ನಿಂತೇ ಇಲ್ಲ ಅನ್ನೋಹಂಗ ಇರತಾವ."

"ಎಷ್ಟು ದಿವಸ?"

"ಇರೂತನಕ."

ಅಂಬಕ್ಕನ ಮುಖದಲ್ಲಿ ಇಂದುಮತಿ ನಿರೀಕ್ಷಿಸಿದ ಭಯ ಕಾಣಲಿಲ್ಲ. ದೊಡ್ಡ ಭಾರವೊಂದನ್ನು ಯಾರೋ ಇಳಿಸಿಕೊಂಡ ಹಾಗೆ ಅವಳು ಉಸಿರುಬಿಟ್ಟಳು.

"ಇಷ್ಟಽ ಏನು? ನಾ ಹುಟ್ಟಿದಾಗಿಂದ ಕೇಳಿದಾಕಿ ಬಾಯಾರ, ಮಾತಾಡಿದಾಕಿ ಅಲ್ಲ. ನನ್ನ ದನಿ ತಗೊಂಡು ಯಾರಿಗೇನಾಗಬೇಕಾಗೇದ?"

ಗೋಡೆ ಹಿಡಿದು ಎದ್ದಳು. ಬಿಲ್ಲೆಯನ್ನು ಕಿತ್ತು ಸೆರಗಿನಲ್ಲಿ ಹಿಡಿದುಕೊಂಡು, ನೋಯುವ ಕಾಲನ್ನು ಎಳೆದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಶ್ರೀಪಾದ ತಿರುಗಿ ನೋಡಲಿಲ್ಲ. ಪಡಸಾಲೆಯ ಮಾತು ಅವನಿಗೆ ಕೇಳಿಸಿತ್ತು ಎಂದು ಅವನ ಬೆನ್ನು ಹೇಳುತ್ತಿತ್ತು.

"ಪಾದೂ, ಒಂದು ಮಾತು ಹೇಳಿಬಿಡಪಾ. ನನಗ ಗೊತ್ತಿರಲಿಲ್ಲ, ಅಕ್ಕ ತನ್ನ ಮನಸಿಗೆ ಬಂದಂಗ ಮಾಡಿದಳು, ಅಂತ. ಅಷ್ಟ."

"ನನಗ ಗೊತ್ತಿತ್ತು."

"ಗೊತ್ತಿರಲಿಲ್ಲ ಅನ್ನು!"

"ದಿನಾ ಸಂಜಿಗೆ ಬಂದು ನಾನೂ ಕೂಡತಿದ್ದೆನಲ್ಲ ಅಕ್ಕಾ. ಆ ಕಡೀ ಮಾತು ಕೇಳಲಿಕ್ಕೆ ಅಂತನಽ ಬರತಿದ್ದೆ."

"ನಿನಗೇನು ತಿಳೀತದ, ಹುಚ್ಚಪ್ಪಾ! ನನಗ ಇನ್ನ ಎಷ್ಟು ವರ್ಷದ ಆಯುಷ್ಯ ಅದ? ಪಿಂಚಣಿ ಬದಲಿ ನೀ ದುಡದು ಕೊಡತೀ. ಔಷಧ ಸಾಬಣ್ಣ ತಂದುಕೊಡತಾನ. ನೀ ಆ ಬಾಗಲದಾಗ ನಿಂತು ನಾಲ್ಕು ಮಂದಿಗೆ ದಾರಿ ತೋರಿಸಿದರ ನನಗ ಬ್ಯಾರೆ ಏನೂ ಬ್ಯಾಡ."

"ನೀ ಆ ಬಾಗಲಕ್ಕ ಬಂದು ಕೂಗಿದರ ಅದು ತಗಿಯೂದಿಲ್ಲಲ್ಲ."

ಅಂಬಕ್ಕ ಹೊಸ್ತಿಲ ಮೇಲೆ ಅವನ ಪಕ್ಕದಲ್ಲಿ ಕುಸಿದು ಕೂತಳು. ಚಿಕ್ಕವನಿದ್ದಾಗ ಜ್ವರದ ಕಷಾಯ ಕುಡಿಸಲು ಹಿಡಿಯುತ್ತಿದ್ದ ಹಾಗೆ ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿದಳು.

"ನಾ ನಿನ್ನ ಹತ್ತರ ಎಂದೂ ಏನೂ ಕೇಳಿಲ್ಲೋ ಪಾದೂ. ಮದಿವಿ ಆಗು ಅಂತನೂ ಒತ್ತಾಯ ಮಾಡಲಿಲ್ಲ. ಇದೊಂದು ಕೇಳತೇನಿ. ನನ್ನ ಬಂಗಾರ ಅಲ್ಲೇನು? ಹೇಳಪಾ."

ಪಡಸಾಲೆಯ ಬಾಗಿಲಲ್ಲಿ ಇಂದುಮತಿ ನಿಂತಿದ್ದರು. ಅಂಬಕ್ಕನ ಮಡಿಲಲ್ಲಿದ್ದ ಬಿಲ್ಲೆ ಮಿಣುಕಿತು.

"ಅರ್ಜಿದಾರರು ತಮ್ಮ ಆಕ್ಷೇಪವನ್ನು ಈಗ ಹೇಳಬಹುದು."

ಶ್ರೀಪಾದ ಅಕ್ಕನ ಕೈಯನ್ನು ಗದ್ದದಿಂದ ಬಿಡಿಸಿ, ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಹೇಳೂದಿಲ್ಲ," ಅಂದ.